ಗಡಿಗೆ ಶಾಲು ಸಾಕು, ಡಿಪ್ಲೊಮಾ ಕೊಡಿ

ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ದಾಮರಗಿದ್ದ, ಮಕ್ತಲ್, ಕೃಷ್ಣಾ ಕಡೆ ಪದವಿ ಮುಗಿಸಿದ ಹುಡುಗ ಈಗೇನು ಮಾಡುತ್ತಿದ್ದಾನೆ ಎಂದು ಕೇಳಿನೋಡಿ. ‘ಡಿಗ್ರಿ ಆಗ್ಯದ, ಮನ್ಯಾಗ ಕುಂತಾನ’ ಎನ್ನುತ್ತಾರೆ. ಹುಡುಗಿಯಾದರೆ ಅಷ್ಟೂ ಇಲ್ಲ, ‘ವರ ನೋಡ್ಲಿಕ್ಕತ್ತೀವಿ’. ಹೀಗೆ ಮನೆಯಲ್ಲಿ ಕುಂತವರಿಗೆ ಎಷ್ಟು ಭಾಷೆ ಬರುತ್ತದೆ ಎಂದು ಯಾರೂ ಎಣಿಸುವುದಿಲ್ಲ. ಮನೆಯಲ್ಲಿ ಕನ್ನಡ, ಮಂಡಲ ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು, ಪರೀಕ್ಷೆಯ ಹಾಳಿಯ ಮೇಲೆ ಇಂಗ್ಲಿಷ್. ಇಷ್ಟೆಲ್ಲ ಬಲ್ಲವನ ಕೈಯಲ್ಲಿ ‘ಇವನಿಗೆ ಇದು ಬರುತ್ತದೆ’ ಎಂದು ಹೇಳುವ ಒಂದು ಕಾಗದ ಇಲ್ಲ. ಪದವೀಧರರಿಗಾಗಿ ಒಂದು ವರ್ಷದ, ವಿಶ್ವವಿದ್ಯಾಲಯದ ಮೊಹರಿರುವ, ಕನ್ನಡ–ತೆಲುಗು ಭಾಷಾಂತರ ಮತ್ತು ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾ ಇಲ್ಲಿಗೆ ಬೇಕು. ಕೊಡಬೇಕಾದದ್ದು ಕರ್ನಾಟಕ. ಕೊಡದಿರುವುದಕ್ಕೆ ಬೆಂಗಳೂರಿನಲ್ಲಿ ಕೇಳಿಬರುವ ನೆಪಗಳು ಒಂದೊಂದೂ ಟೊಳ್ಳು.

‘ಅವರು ತೆಲಂಗಾಣದವರು, ನಮಗೇನು ಸಂಬಂಧ’ ಎನ್ನುವುದು ಮೊದಲ ನೆಪ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಹಂಚಿದಾಗ ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಇಡಿಯಾಗಿ ಬರಲಿಲ್ಲ. ರಾಯಚೂರಿನಿಂದ ಗದ್ವಾಲ, ಆಲಂಪುರ ತಾಲೂಕುಗಳನ್ನೂ ಕಲಬುರಗಿಯಿಂದ ಕೊಡಂಗಲ್, ತಾಂಡೂರುಗಳನ್ನೂ ಬಿಡಿಸಿ ಆಂಧ್ರಕ್ಕೆ ಸೇರಿಸಿದರು. ನಾರಾಯಣಪೇಟೆ, ಮಕ್ತಲ್ ಮೊದಲಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದವು, ಆಗಲೂ ಅಲ್ಲೇ ಉಳಿದವು. ಗೆರೆ ಎಳೆದದ್ದು ಆಡಳಿತದ ಅನುಕೂಲಕ್ಕೆ. ಮದುವೆ, ಸಂತೆ, ದವಾಖಾನೆ ಆ ಗೆರೆಯನ್ನು ಒಪ್ಪಿಕೊಂಡಿಲ್ಲ. ನಾರಾಯಣಪೇಟೆ ರೋಡ್ ಎಂದು ಹೆಸರು ಪಡೆದ ರೈಲು ನಿಲ್ದಾಣ ಇರುವುದೇ ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ. ರೈಲ್ವೆಯವರಿಗೆ ಅಂದೇ ಗೊತ್ತಿದ್ದದ್ದು ನಮ್ಮ ಉನ್ನತ ಶಿಕ್ಷಣ ಇಲಾಖೆಗೆ ಇಂದಿಗೂ ಗೊತ್ತಿಲ್ಲ.

ಇಲ್ಲೊಂದು ಕಹಿ ಸಂಗತಿ ಇದೆ. ಕರ್ನಾಟಕದ ಸಿಇಟಿ ನಿಯಮಗಳಲ್ಲಿ ವಿವಾದಿತ ಕನ್ನಡ ಪ್ರದೇಶವೆಂದು ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳನ್ನು ಹೆಸರು ಹಿಡಿದು ಬರೆದಿದ್ದಾರೆ. ಆ ಊರುಗಳ ಕನ್ನಡದ ಮಕ್ಕಳಿಗೆ ವೃತ್ತಿ ಕೋರ್ಸುಗಳ ಬಾಗಿಲು ತೆರೆದದ್ದು ಸರಿಯೇ. ಆದರೆ ಆ ಸಾಲಿನಲ್ಲಿ ತೆಲಂಗಾಣದ ಒಂದು ಊರೂ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಹಾಜನ ಆಯೋಗ ನೋಡಿದ್ದು ಮಹಾರಾಷ್ಟ್ರ ಮತ್ತು ಕೇರಳದ ಗಡಿಯನ್ನು. ಅದರ 1967ರ ವರದಿಯಲ್ಲಿ ಇದ್ದ ಜಗಳಗಳೇ ನಮ್ಮ ಸರ್ಕಾರಿ ಕಾಗದಗಳಲ್ಲಿ ಗಡಿನಾಡು ಎನಿಸಿಕೊಂಡವು. ನಾರಾಯಣಪೇಟೆಯವರು ಬಸ್ಸಿಗೆ ಕಲ್ಲು ಹೊಡೆಯಲಿಲ್ಲ, ಬಂದ್ ಮಾಡಲಿಲ್ಲ, ತೆಲುಗು ಕಲಿತು ಸುಮ್ಮನೆ ಬಾಳಿದರು. ಗಲಾಟೆ ಮಾಡದ ತಪ್ಪಿಗೆ ಅವರ ಹೆಸರು ಪಟ್ಟಿಯಲ್ಲಿಲ್ಲ.

ಸಂವಿಧಾನದ 371(ಜೆ) ಕಲಮಿನ ಕತೆಯೂ ಬೇರೆಯಲ್ಲ. 2012ರ ಕೊನೆಗೆ ಸಂಸತ್ತು ಒಪ್ಪಿದ ಆ ತಿದ್ದುಪಡಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸೀಟು, ನೌಕರಿ ಎರಡನ್ನೂ ಕೊಟ್ಟಿತು. ಅದಕ್ಕಾಗಿ ಬೆವರು ಸುರಿಸಿದ ಮಲ್ಲಿಕಾರ್ಜುನ ಖರ್ಗೆಯವರು 1972ರಲ್ಲಿ ಮೊದಲ ಸಲ ಶಾಸಕರಾದದ್ದು ಗುರುಮಠಕಲ್‌ನಿಂದ. ಗುರುಮಠಕಲ್‌ನ ಗಡಿ ದಾಟಿದರೆ ದಾಮರಗಿದ್ದದ ಸೀಮೆ. ಒಂದೇ ನಿಜಾಮನ ಪ್ರಜೆಗಳಾಗಿದ್ದವರ ಮೊಮ್ಮಕ್ಕಳಲ್ಲಿ ಅತ್ತಲವನು ‘ಸ್ಥಳೀಯ ವ್ಯಕ್ತಿ’, ಇತ್ತಲವನು ಪರರಾಜ್ಯದವನು. ಆ ಕಲಮನ್ನು ಗಡಿಯಾಚೆಗೆ ಹಿಗ್ಗಿಸಿ ಎಂದು ನಾನು ಕೇಳುತ್ತಿಲ್ಲ. ಅದು ಆಗುವ ಮಾತಲ್ಲ. ಡಿಪ್ಲೊಮಾಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಒಂದು ಸಿಂಡಿಕೇಟ್ ಸಭೆ ಸಾಕು.

ಎರಡನೆಯ ನೆಪ ಯುಜಿಸಿ. ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಯಾಕೆಂದರೆ ಇದರಲ್ಲಿ ಅರ್ಧ ಸತ್ಯ ಇದೆ. 1996ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ಆಮೇಲೆ ದುಡ್ಡಿನ ರುಚಿ ಹತ್ತಿ, ಖಾಸಗಿಯವರ ಜೊತೆ ಒಪ್ಪಂದ ಮಾಡಿಕೊಂಡು, ರಾಜ್ಯದ ಹೊರಗೂ ಅಂಗಡಿ ತೆರೆಯಿತು. 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಸಾರಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವೆ ಫೀಸು ಕಟ್ಟಿ ಓದಿ ಪಾಸಾದವರು ಕೈಯಲ್ಲಿ ಅಂಕಪಟ್ಟಿ ಹಿಡಿದು ಕೋರ್ಟು, ಕಚೇರಿ ಅಲೆದರು. ತಪ್ಪು ಆಡಳಿತದ್ದು, ದಂಡ ವಿದ್ಯಾರ್ಥಿಯದ್ದು. ಅಂದಿನಿಂದ ರಾಜ್ಯ ವಿಶ್ವವಿದ್ಯಾಲಯಗಳ ದೂರಶಿಕ್ಷಣ ತಮ್ಮ ರಾಜ್ಯದ ಗಡಿ ದಾಟಬಾರದೆಂಬ ಮಾತನ್ನೇ ಮುಂದಿಟ್ಟುಕೊಂಡು, ಗಡಿಯಾಚೆಯ ಕನ್ನಡಿಗರ ಪ್ರಸ್ತಾಪ ಬಂದಾಗಲೆಲ್ಲ ಕೈ ತೊಳೆದುಕೊಳ್ಳುತ್ತಾರೆ.

ಆ ನಿಯಮ ಕಟ್ಟಿಹಾಕುವುದು ದೂರಶಿಕ್ಷಣವನ್ನು ಮಾತ್ರ. 2020ರ ಯುಜಿಸಿ ನಿಯಮಾವಳಿಯಲ್ಲಿ ಆನ್‌ಲೈನ್ ಕೋರ್ಸುಗಳಿಗೆ ರಾಜ್ಯದ ಗಡಿಯ ಹಂಗಿಲ್ಲ. ತರಗತಿಯಲ್ಲಿ ಕೂತು ಕಲಿಯುವ ಕೋರ್ಸಿಗಂತೂ ಈ ಪ್ರಶ್ನೆಯೇ ಏಳುವುದಿಲ್ಲ; ವಿದ್ಯಾರ್ಥಿ ಗಡಿ ದಾಟಿ ಬಂದು ಓದುವುದನ್ನು ಯಾವ ಯುಜಿಸಿಯೂ ತಡೆದಿಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳಿಗೆಂದೇ 2021ರಿಂದ ರಾಯಚೂರಿನಲ್ಲಿ ಒಂದು ವಿಶ್ವವಿದ್ಯಾಲಯ ಇದೆ. ಕೃಷ್ಣಾ ನಿಲ್ದಾಣದಲ್ಲಿ ರೈಲು ಹತ್ತಿದರೆ ಹೊಳೆ ದಾಟಿ ರಾಯಚೂರು. ದಾಮರಗಿದ್ದದವರಿಗೆ ಗುರುಮಠಕಲ್ ಹತ್ತಿರ. ಶನಿವಾರ, ಭಾನುವಾರ ಈ ಎರಡು ಊರುಗಳಲ್ಲಿ ತರಗತಿ ನಡೆಸಿದರೆ ದೂರಶಿಕ್ಷಣದ ಮಾತೇ ಬೇಡ. ವಾರವಿಡೀ ಹೊಲದಲ್ಲೋ ಮಗ್ಗದ ಮನೆಯಲ್ಲೋ ದುಡಿಯುವವರು ಎರಡು ದಿನ ಬಂದು ಹೋಗುತ್ತಾರೆ.

ಹಣವಿಲ್ಲ ಎನ್ನುವವರಿದ್ದಾರೆ. ಹಣವಿಲ್ಲವೆಂದೇ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು 2025ರಲ್ಲಿ ಸಂಪುಟ ಉಪಸಮಿತಿಯಲ್ಲಿ ಬಂದದ್ದು ನಿಜ. ಆದರೆ ನಾನು ಕೇಳುತ್ತಿರುವುದು ಕಟ್ಟಡವಲ್ಲ, ಕುಲಪತಿಯ ಕಾರಲ್ಲ. ಇರುವ ಕಾಲೇಜಿನ ಖಾಲಿ ಕೋಣೆ, ನಾಲ್ಕಾರು ಅತಿಥಿ ಉಪನ್ಯಾಸಕರು, ಒಂದು ಪರೀಕ್ಷೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇರುವುದು ಯಾಕೆ? ಗಡಿಯಲ್ಲಿ ಶಾಮಿಯಾನ ಹಾಕಿ, ಶಾಲು ಹೊದಿಸಿ, ಫಲಕ ಕೊಟ್ಟು, ಊಟ ಹಾಕಿ ಕಳಿಸುವ ಉತ್ಸವಗಳ ಖರ್ಚಿನಲ್ಲಿ ಒಂದಷ್ಟನ್ನು ಇತ್ತ ತಿರುಗಿಸಿದರೆ ಆಯಿತು. ಸನ್ಮಾನಕ್ಕೆ ಸಿಕ್ಕ ಶಾಲುಗಳು ಇಲ್ಲಿನ ಮನೆಗಳ ಟ್ರಂಕುಗಳಲ್ಲಿ ಬೇಕಾದಷ್ಟಿವೆ.

ಡಿಪ್ಲೊಮಾ ಎಂದರೆ ಮೂಗು ಮುರಿಯುವ ವಿದ್ವಾಂಸರೂ ಇದ್ದಾರೆ, ಎಂ.ಎ. ಮಾಡಲಿ ಎನ್ನುತ್ತಾರೆ. ಇದಕ್ಕೆ ಯುಜಿಸಿಯ ಹೊಸ ಚೌಕಟ್ಟೂ ಕುಮ್ಮಕ್ಕು ಕೊಟ್ಟಿದೆ. ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ಒಂದು ವರ್ಷಕ್ಕೆ ಬಿಟ್ಟು ಹೋಗುವವನ ಕೈಗೆ ಸ್ನಾತಕೋತ್ತರ ಡಿಪ್ಲೊಮಾ ಕೊಡಿ ಎಂದು ಅದು ಹೇಳುತ್ತದೆ. ಓದು ನಿಲ್ಲಿಸಿದವನಿಗೆ ಸಿಗುವ ರಸೀತಿಯಾಯಿತು ಡಿಪ್ಲೊಮಾ! ಪದವಿ ಮುಗಿಸಿ ಐದಾರು ವರ್ಷ ಕಳೆದವನು, ಪಾಲಮೂರ (ಮಹಬೂಬನಗರದ) ಕೂಲಿಯಾಗಿ ಮುಂಬಯಿ, ಬೆಂಗಳೂರು ಸುತ್ತಿ ಬಂದವನು, ಮದುವೆಯಾಗಿ ಮಕ್ಕಳಾದ ಮೇಲೆ ಮತ್ತೆ ಓದಬೇಕೆನ್ನುವವಳು ಎರಡು ವರ್ಷದ ಎಂ.ಎ.ಗೆ ಬಂದು ಪಂಪನ ಛಂದಸ್ಸು ಬಿಡಿಸುತ್ತಾ ಕೂರುವುದಿಲ್ಲ. ಅವರಿಗೆ ಕೆಲಸಕ್ಕೆ ಬರುವ ಓದು ಬೇಕು. ಪಹಣಿಯನ್ನು ಎರಡೂ ಭಾಷೆಯಲ್ಲಿ ಬರೆಯುವುದು, ಕೋರ್ಟಿನ ಹೇಳಿಕೆಯನ್ನು ಭಾಷಾಂತರಿಸುವುದು, ಎರಡು ಭಾಷೆಯ ಮಕ್ಕಳು ಒಂದೇ ಕೋಣೆಯಲ್ಲಿರುವಾಗ ಪಾಠ ಹೇಳುವುದು. ಕೃಷ್ಣಾ ಮಂಡಲದ ಮುಡುಮಾಲದ ನಿಲುಗಲ್ಲುಗಳು 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ನೋಡಲು ಬರುವವರಿಗೆ ಮೂರು ಭಾಷೆಯಲ್ಲಿ ವಿವರಿಸಬಲ್ಲವರು ಆ ಸೀಮೆಯಲ್ಲೇ ಇದ್ದಾರೆ.

ಇನ್ನು ಮುಖ್ಯವಾದ ಮಾತು. ನೇಮಕಾತಿ ನಿಯಮದಲ್ಲಿ ಹೆಸರಿಲ್ಲದ ಡಿಪ್ಲೊಮಾ ಗೋಡೆಗೆ ಮೊಳೆ ಹೊಡೆದು ತೂಗುಹಾಕಲು ಮಾತ್ರ ಲಾಯಕ್ಕು. ತೆಲಂಗಾಣದ ಟೆಟ್ ಪರೀಕ್ಷೆಯಲ್ಲಿ ಮೊದಲ ಭಾಷೆಯಾಗಿ ಕನ್ನಡವನ್ನು ಆರಿಸಿಕೊಳ್ಳಬಹುದು, ಅಲ್ಲಿನ ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಅಂದರೆ ತೆಲಂಗಾಣ ಬಾಗಿಲು ಹಾಕಿಕೊಂಡಿಲ್ಲ. ಈ ಡಿಪ್ಲೊಮಾಕ್ಕೆ ಆ ಶಾಲೆಗಳ ನೇಮಕಾತಿಯಲ್ಲಿ ಒಂದಿಷ್ಟು ತೂಕ ಕೊಡಿ ಎಂದು ಹೈದರಾಬಾದಿಗೆ ಬೆಂಗಳೂರು ಒಂದು ಪತ್ರ ಬರೆಯಬೇಕು. ತೆಲಂಗಾಣದ ಮುಖ್ಯಮಂತ್ರಿ ರೇವಂತ ರೆಡ್ಡಿ ಗೆದ್ದು ಬಂದ ಕ್ಷೇತ್ರ ಕೊಡಂಗಲ್, 1956ರವರೆಗೆ ಕಲಬುರಗಿ ಜಿಲ್ಲೆಯ ತಾಲೂಕು. ಅವರ ಪಕ್ಷದ ಅಧ್ಯಕ್ಷರು ಗುರುಮಠಕಲ್‌ನ ಹಳೆಯ ಶಾಸಕರು. ಎರಡೂ ರಾಜ್ಯಗಳಲ್ಲಿ ಅದೇ ಪಕ್ಷವನ್ನು ಜನ 2023ರಲ್ಲಿ ಗೆಲ್ಲಿಸಿದರು. ಕರ್ನಾಟಕವೂ ತನ್ನ ಪಾಲಿಗೆ ಯಾದಗಿರಿ, ರಾಯಚೂರಿನ ನ್ಯಾಯಾಲಯ, ಜಿಲ್ಲಾಸ್ಪತ್ರೆ, ಎಪಿಎಂಸಿಗಳಲ್ಲಿ ತೆಲುಗು–ಕನ್ನಡ ಭಾಷಾಂತರಕಾರರ ಹುದ್ದೆ ಸೃಷ್ಟಿಸಿ, ಈ ಡಿಪ್ಲೊಮಾವನ್ನು ಅರ್ಹತೆ ಎಂದು ಬರೆಯಲಿ, ‘ಸ್ಥಳೀಯ’ ಕೋಟಾದ ಹೊರಗಿನ ಭಾಗದಲ್ಲಿ ಗಡಿಯಾಚೆಯವರಿಗೂ ಅರ್ಜಿ ಹಾಕಲು ಬಿಡಲಿ. ಮೊದಲ ತಂಡಕ್ಕೆ ಮೂವತ್ತು ಸೀಟು ಸಾಕು. ಪ್ರಕಟಣೆಯನ್ನು ತೆಲುಗು ಪತ್ರಿಕೆಗಳಲ್ಲೂ ಹಾಕಿಸಿ. ದಾಮರಗಿದ್ದದಲ್ಲಿ ಓದುವುದು ಅವನ್ನೇ.