ಜೀರ್ಣೋದ್ಧಾರದ ಹೆಸರಿನಲ್ಲಿ ಇತಿಹಾಸ ಅಳಿಯದಿರಲಿ: ನಿಡುಗಲ್ಲು ಸೀಮೆಯ ಶಾಸನಗಳು ಹೇಳುವ ದಾರಿ

ಕಳ್ಳಂಬೆಳ್ಳ: 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಸಂತಸಪಟ್ಟಿತು. ಅದೇ ವರ್ಷದ ಆರಂಭದಲ್ಲಿ ಬಂದ ಇನ್ನೊಂದು ಸುದ್ದಿ ನೋವಿನದು. ಕೇಂದ್ರದ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳಲ್ಲಿ 50 ಈಗ ಇಲ್ಲವೆಂದು ಸಂಸ್ಕೃತಿ ಸಚಿವಾಲಯವೇ ಸಂಸದೀಯ ಸಮಿತಿಗೆ ತಿಳಿಸಿತ್ತು. ಇವುಗಳಲ್ಲಿ 14 ನಗರಗಳ ಬೆಳವಣಿಗೆಯಲ್ಲಿ ಕಣ್ಮರೆಯಾದವು, 12 ಜಲಾಶಯಗಳಲ್ಲಿ ಮುಳುಗಿದವು, ಉಳಿದ 24 ಎಲ್ಲಿವೆ ಎಂಬುದೇ ಗೊತ್ತಿಲ್ಲ. ಸರ್ಕಾರದ ಪಟ್ಟಿಯಲ್ಲಿದ್ದವುಗಳ ಗತಿಯೇ ಹೀಗಾದರೆ, ಯಾವ ಪಟ್ಟಿಯಲ್ಲೂ ಇಲ್ಲದ ಹಳ್ಳಿಯ ಬಸದಿ, ನಿಷಿಧಿ ಕಲ್ಲು, ಹೊಲದ ಬದುವಿನ ಜಿನಬಿಂಬಗಳ ಗತಿಯೇನು?

ಈ ಪ್ರಶ್ನೆ ಶಿರಾ, ಮಧುಗಿರಿ, ಪಾವಗಡ ಭಾಗದ ನಮಗೆ ದೂರದ್ದಲ್ಲ. 13ನೇ ಶತಮಾನದಲ್ಲಿ ಪಾವಗಡ ತಾಲ್ಲೂಕಿನ ನಿಡುಗಲ್ಲಿನಿಂದ ಆಳುತ್ತಿದ್ದ ಚೋಳ ವಂಶದ ಅರಸರ ಕಾಲದಲ್ಲಿ ಈ ಸೀಮೆಯಲ್ಲಿ ಜೈನಧರ್ಮ ನೆಲೆಯೂರಿತ್ತು. ಇರುಂಗೋಳನ ಆಳ್ವಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯ ಎಂಬ ಶ್ರಾವಕನು ನಿಡುಗಲ್ಲು ಬೆಟ್ಟದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1278ರ ಅಮರಾಪುರ ಶಾಸನದ ಪ್ರಕಾರ, ಮಲ್ಲಿಸೆಟ್ಟಿಯು ತೈಲಂಗೆರೆಯ ಪ್ರಸನ್ನ ಪಾರ್ಶ್ವದೇವರಿಗೆ 2,000 ಅಡಿಕೆ ಮರಗಳನ್ನು ದತ್ತಿ ಬಿಟ್ಟನು. ಆ ಮರಗಳ ಆದಾಯದಿಂದ ಬ್ರಹ್ಮಜಿನಾಲಯವನ್ನು ತಳಪಾಯದಿಂದ ಶಿಖರದವರೆಗೆ ಕಲ್ಲಿನಲ್ಲಿ ಕಟ್ಟಬೇಕೆಂಬುದು ವ್ಯವಸ್ಥೆ. ಅಮರಾಪುರ ಇಂದು ಆಂಧ್ರದ ಮಡಕಶಿರಾ ಭಾಗಕ್ಕೆ ಸೇರಿದೆ. ಆದರೆ ಗಡಿಯ ಈಚೆಗೂ ಆಚೆಗೂ ಇರುವ ಈ ಪರಂಪರೆ ಒಂದೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಲ್ಲಿಸೆಟ್ಟಿ ಕೊಟ್ಟದ್ದು ಒಮ್ಮೆ ಖರ್ಚಾಗಿ ಮುಗಿಯುವ ಹಣವಲ್ಲ, ವರ್ಷವರ್ಷವೂ ಬರುವ ಫಸಲು. ಕರ್ನಾಟಕದ ಅನೇಕ ಬಸದಿಗಳ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದೆಂದು ಅದರ ಅರ್ಥ. ಇದ್ದುದನ್ನು ಕೆಡವಿ ಹೊಸದು ಕಟ್ಟುವುದು ಎಂದಲ್ಲ.

ಇಂದು ಈ ಅರ್ಥ ಮರೆತುಹೋಗುತ್ತಿದೆ. ಭಕ್ತಿಯಿಂದಲೇ ಮಾಡಿದ ಕೆಲಸವೂ ಹಾನಿ ತರಬಲ್ಲದು. ಶಾಸನದ ಮೇಲೆ ಎನಾಮಲ್ ಬಣ್ಣ ಬಳಿದರೆ ಅಕ್ಷರಗಳು ಮುಚ್ಚಿಹೋಗುತ್ತವೆ. ರಭಸದಿಂದ ಮರಳು ಚಿಮ್ಮಿಸಿ ಸ್ವಚ್ಛಗೊಳಿಸಿದರೆ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ ಸವೆಯುತ್ತದೆ. ಹಳೆಯ ಗಾರೆ ತೆಗೆದು ಸಿಮೆಂಟ್ ಹಾಕಿದರೆ ತೇವ ಹೊರಹೋಗಲಾಗದೆ ಗೋಡೆಯೊಳಗೇ ನಿಲ್ಲುತ್ತದೆ. ಭಿನ್ನವಾದ ಬಿಂಬ ಪೂಜೆಗೆ ಸಲ್ಲದೆಂದು ಅದನ್ನು ನೀರಿಗೆ ಬಿಟ್ಟರೆ, ಪೀಠದ ಲಾಂಛನ ಮತ್ತು ಬರಹದೊಂದಿಗೆ ಆ ಊರಿನ ಜೈನ ಇತಿಹಾಸದ ಸಾಕ್ಷಿಯೂ ಹೋಗುತ್ತದೆ. ಪೂಜೆಗೆ ಸಲ್ಲದ ಬಿಂಬವನ್ನು ಬಸದಿಯ ಆವರಣದಲ್ಲೋ ವಸ್ತುಸಂಗ್ರಹಾಲಯದಲ್ಲೋ ಗೌರವದಿಂದ ಇರಿಸಬಹುದು.

ಕಾನೂನಿನ ಬೆಂಬಲಕ್ಕೂ ಮಿತಿಯಿದೆ. 1958ರ ಕೇಂದ್ರ ಕಾಯ್ದೆ ಮತ್ತು 1961ರ ರಾಜ್ಯ ಕಾಯ್ದೆ ಮುಖ್ಯವಾಗಿ ಸಂರಕ್ಷಿತವೆಂದು ಘೋಷಣೆಯಾದ ಸ್ಮಾರಕಗಳನ್ನು ಕಾಯುತ್ತವೆ. 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿ ಇನ್ನೂ ದೊಡ್ಡದು. 100 ವರ್ಷ ದಾಟಿದ ಶಿಲ್ಪಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪುರಾತನ ವಿಗ್ರಹಗಳ ನೋಂದಣಿಗೂ ಅವಕಾಶವಿದೆ. ಆದರೆ ಕಳುವಾದ ವಿಗ್ರಹ ಎಲ್ಲೋ ಮಾರಾಟಕ್ಕೆ ಬಂದಾಗ, ಅದು ನಮ್ಮದೆಂದು ತೋರಿಸಲು ಹಳೆಯ ಛಾಯಾಚಿತ್ರ ಮತ್ತು ದಾಖಲೆ ಬೇಕು. ಅವು ಇಲ್ಲದಿದ್ದರೆ ಕಾನೂನು ಇದ್ದೂ ಪ್ರಯೋಜನ ಕಡಿಮೆ.

ಆದ್ದರಿಂದ ಸಮಾಜದ ಮುಂದಿರುವ ಕೆಲಸಗಳು ಸ್ಪಷ್ಟ. ಪ್ರತಿ ಬಸದಿ ಸಮಿತಿಯೂ ತನ್ನಲ್ಲಿರುವ ಬಿಂಬ, ಶಾಸನ, ನಿಷಿಧಿಗಳ ಚಿತ್ರ, ಅಳತೆ, ಸ್ಥಳವನ್ನು ದಾಖಲಿಸಿ ನೋಂದಣಿ ಮಾಡಿಸಲಿ. ಯಾವುದೇ ದುರಸ್ತಿಗೆ ಮೊದಲು ಪುರಾತತ್ವ ಇಲಾಖೆಯ ಸಲಹೆ ಪಡೆಯಲಿ, ಶಾಸನದ ಅಚ್ಚು ತೆಗೆಸಲಿ. ಪಂಚಕಲ್ಯಾಣ ಮಹೋತ್ಸವಗಳ ವೆಚ್ಚದಲ್ಲಿ ಒಂದು ಪಾಲನ್ನು ಹಳೆಯ ಬಸದಿಗಳ ನಿರ್ವಹಣೆಗೆಂದು ಶಾಶ್ವತ ನಿಧಿಯಾಗಿ ಇಡಲಿ.

ಕಳ್ಳಂಬೆಳ್ಳದ ಸುತ್ತಮುತ್ತ ಇಂದಿಗೂ ಅಡಿಕೆ, ತೆಂಗಿನ ತೋಟಗಳಿವೆ. ತೋಟವುಳ್ಳ ಶ್ರಾವಕರು ತಲಾ ಹತ್ತು ಮರಗಳ ಫಸಲನ್ನು ಹತ್ತಿರದ ಪ್ರಾಚೀನ ಬಸದಿಗೆ ಮೀಸಲಿಟ್ಟರೂ ಸಾಕು, ಮಲ್ಲಿಸೆಟ್ಟಿಯ ದಾನಪರಂಪರೆ ಮುಂದುವರಿದಂತಾಗುತ್ತದೆ.