ಮೆಕಾಂಗ್ ತೀರದ ಅಡುಗೆಯ ಮನೆ

ರಾಯಭಾರಿಗಳೆಂದರೆ ಒಪ್ಪಂದಗಳಿಗೆ ಸಹಿ ಹಾಕುವವರು, ಔತಣಕೂಟಗಳಲ್ಲಿ ಭಾಷಣ ಮಾಡುವವರು ಎಂಬುದು ಸಾಮಾನ್ಯರ ಕಲ್ಪನೆ. ಔತಣದಲ್ಲಿ ಬಡಿಸಿದ ಮೀನು ಯಾವುದು, ಅದನ್ನು ಹಿಡಿದವರು ಯಾರು, ಬೇಯಿಸಿದ ಬಗೆ ಹೇಗೆ ಎಂದು ವಿಚಾರಿಸುತ್ತ ಸಂತೆಗಳನ್ನೂ ಹೊಳೆಯ ದಡಗಳನ್ನೂ ಸುತ್ತಿದ ರಾಯಭಾರಿಗಳು ವಿರಳ. ೧೯೭೩ರಿಂದ ೧೯೭೫ರವರೆಗೆ ಲಾವೋಸಿನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಅಲನ್ ಡೇವಿಡ್‌ಸನ್ ಅಂಥ ವಿರಳರಲ್ಲೊಬ್ಬರು.

ಈ ಗೀಳು ಅವರಿಗೆ ಹತ್ತಿದುದು ಮಡದಿಯ ದೆಸೆಯಿಂದ. ಹಿಂದೆ ಟ್ಯುನೀಸಿಯದಲ್ಲಿದ್ದಾಗ ಅಲ್ಲಿಯ ಪೇಟೆಯ ಮೀನುಗಳ ಹೆಸರುಗಳು ಆಕೆಗೆ ಅರ್ಥವಾಗದೆ ಹೋದುವು. ಒಂದೇ ಮೀನಿಗೆ ಅರಬ್ಬಿಯಲ್ಲಿ ಒಂದು ಹೆಸರು, ಫ್ರೆಂಚಿನಲ್ಲಿ ಇನ್ನೊಂದು. ಯಾವುದನ್ನು ಕೊಳ್ಳಬೇಕು, ಹೇಗೆ ಅಡಬೇಕು ಎಂದು ತಿಳಿಸುವ ಪುಸ್ತಕವೊಂದನ್ನು ತಂದುಕೊಡಿ ಎಂದು ಆಕೆ ಕೇಳಿದಳು. ಅಂಥ ಪುಸ್ತಕ ದೊರೆಯಲಿಲ್ಲ. ಆದುದರಿಂದ ಪತಿರಾಯರೇ ಬರೆಯಲು ಕುಳಿತರು. ೧೯೬೩ರಲ್ಲಿ ಹೊರಬಂದ ಆ ಪುಟ್ಟ ಹೊತ್ತಗೆ ಅವರ ಬಾಳಿನ ದಾರಿಯನ್ನೇ ತಿರುಗಿಸಿತು.

ಲಾವೋಸಿಗೆ ಸಮುದ್ರವಿಲ್ಲ. ಆದರೆ ೪,೦೦೦ ಕಿಲೋಮೀಟರಿಗೂ ಮೀರಿ ಹರಿಯುವ ಮೆಕಾಂಗ್ ನದಿ ಆ ನಾಡಿನ ಉದ್ದಕ್ಕೂ ಸಾಗುತ್ತದೆ. ಹೊಳೆ, ಹಳ್ಳ, ನೀರು ತುಂಬಿದ ಗದ್ದೆ, ಎಲ್ಲೆಲ್ಲೂ ಮೀನು. ಅನ್ನ ಮತ್ತು ಮೀನು, ಇವೆರಡರ ಮೇಲೆ ಅಲ್ಲಿಯ ಹಳ್ಳಿಯ ಬಾಳು ನಿಂತಿದೆ. ಅನ್ನವೂ ನಮ್ಮ ಅನ್ನದಂತಲ್ಲ. ನೆನೆಹಾಕಿದ ಅಂಟಕ್ಕಿಯನ್ನು ಬಿದಿರ ಬುಟ್ಟಿಯಲ್ಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಅದನ್ನು ಬೆರಳುಗಳಿಂದ ಸಣ್ಣ ಉಂಡೆಮಾಡಿ ಮೇಲೋಗರದಲ್ಲಿ ಅದ್ದಿ ತಿನ್ನುತ್ತಾರೆ. ಹೊಲಕ್ಕೆ ಹೋಗುವವರೂ ಮುಚ್ಚಳವುಳ್ಳ ಪುಟ್ಟ ಬಿದಿರ ಬುಟ್ಟಿಯಲ್ಲಿ ಅದನ್ನೇ ಕಟ್ಟಿಕೊಂಡು ಹೋಗುತ್ತಾರೆ.

ಹಳ್ಳಿಯ ಮನೆಗಳಲ್ಲಿ ಪ್ರವಾಸಿಯ ಮೂಗಿಗೆ ಮೊದಲು ತಾಕುವುದು 'ಪಾದೇಕ್'. ಮೀನಿಗೆ ಉಪ್ಪನ್ನೂ ಅಕ್ಕಿಯ ತೌಡನ್ನೂ ಬೆರೆಸಿ, ಮಣ್ಣಿನ ಜಾಡಿಯಲ್ಲಿ ತಿಂಗಳುಗಟ್ಟಲೆ ಹುಳಿಯಲು ಬಿಡುತ್ತಾರೆ. ವಾಸನೆ ಕಟುವಾದುದರಿಂದ ಜಾಡಿಯ ಸ್ಥಾನ ಸಾಮಾನ್ಯವಾಗಿ ಮನೆಯ ಹೊರಗೆ. ಆದರೂ ಅದಿಲ್ಲದೆ ಲಾವೋ ಗೃಹಿಣಿಯ ಒಲೆ ಉರಿಯದು. ಮೀನು ಹೇರಳವಾಗಿ ಸಿಕ್ಕುವ ಕಾಲದಲ್ಲಿ ಕೂಡಿಟ್ಟು, ಸಿಕ್ಕದ ಕಾಲದಲ್ಲಿ ಊಟಕ್ಕೆ ಬಲ ಕೊಡುವ ಉಪಾಯ ಅದು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿಗೆ ಇರುವ ಮರ್ಯಾದೆಯೇ ಅಲ್ಲಿ ಅದಕ್ಕೆ.

'ಮೊಕ್ ಪಾ' ಇನ್ನೊಂದು ಮೆಚ್ಚಿನ ಅಡುಗೆ. ನೆನೆದ ಅಂಟಕ್ಕಿ, ಸಣ್ಣ ಈರುಳ್ಳಿ, ಮೆಣಸಿನಕಾಯಿ, ಮಜ್ಜಿಗೆ ಹುಲ್ಲು ಇವನ್ನು ಒರಳಿನಲ್ಲಿ ಕುಟ್ಟಿ, ಮೀನಿನ ತುಂಡುಗಳಿಗೆ ಹಚ್ಚಿ, ಕೊಂಚ ಪಾದೇಕ್ ಸೇರಿಸಿ, ಬಾಳೆಯ ಎಲೆಯಲ್ಲಿ ಪೊಟ್ಟಣ ಕಟ್ಟಿ ಹಬೆಯಲ್ಲಿ ಬೇಯಿಸುತ್ತಾರೆ. ಅದರಲ್ಲಿ ಧಾರಾಳವಾಗಿ ಬೀಳುವ ಸೊಪ್ಪು ಯಾವುದೆಂದರೆ ವಾಚಕಿಯರು ನಂಬಲಾರರು, ನಮ್ಮ ಸಬ್ಬಸಿಗೆ! ಮೀನು ಮುಟ್ಟದವರು ನಿರಾಶರಾಗಬೇಕಿಲ್ಲ. ಅಣಬೆಯಿಂದಲೂ ಲಾವೋ ಜನ ಮೊಕ್ ಮಾಡುತ್ತಾರೆ. ಪಾದೇಕನ್ನು ಬಿಟ್ಟು ಉಪ್ಪು ಹಾಕಿಕೊಂಡರೆ ನಮ್ಮ ಅಡುಗೆಯ ಮನೆಯಲ್ಲೂ ಅದು ಸಾಧ್ಯ.

ಡೇವಿಡ್‌ಸನ್ನರು ಮೀನುಗಳ ಲಾವೋ ಹೆಸರುಗಳನ್ನೂ ಅವುಗಳಿಂದ ಮಾಡುವ ಅಡುಗೆಗಳನ್ನೂ ಕಲೆಹಾಕಿ ೧೯೭೫ರಲ್ಲಿ ಪುಸ್ತಕ ಪ್ರಕಟಿಸಿದರು. ಅದಕ್ಕೂ ಮೊದಲು, ೧೯೭೪ರಲ್ಲಿ, ಆಗ ಅರಸರ ಪಟ್ಟಣವಾಗಿದ್ದ ಲುವಾಂಗ್ ಪ್ರಬಾಂಗ್‌ನ ಅರಮನೆಯಲ್ಲಿ ಅವರಿಗೆ ಒಂದು ನಿಧಿ ದೊರೆತಿತ್ತು. ಅರಮನೆಯ ಬಾಣಸಿಗರೂ ಉತ್ಸವಗಳ ಮೇಲ್ವಿಚಾರಕರೂ ಆಗಿದ್ದ ಫಿಯಾ ಸಿಂಗ್ ಎಂಬವರು ೧೯೬೭ರಲ್ಲಿ ತೀರಿಕೊಳ್ಳುವ ಮುನ್ನ ನೂರಕ್ಕೂ ಮಿಕ್ಕ ಅಡುಗೆಗಳ ವಿಧಾನವನ್ನು ಎರಡು ನೋಟುಪುಸ್ತಕಗಳಲ್ಲಿ ಸ್ವಹಸ್ತದಿಂದ ಬರೆದಿಟ್ಟಿದ್ದರು. ಯುವರಾಜ ವೊಂಗ್ ಸಾವಾಂಗರು ಅವನ್ನು ಡೇವಿಡ್‌ಸನ್ನರ ಕೈಗಿತ್ತರು. ಅವರು ಪ್ರತಿ ಮಾಡಿಸಿಕೊಂಡು ಮೂಲವನ್ನು ಹಿಂದಿರುಗಿಸಿದರು.

ಆ ಪ್ರತಿ ತೆಗೆದದ್ದು ಎಂಥ ಸಕಾಲದಲ್ಲಿ ಎಂಬುದು ಮರುವರ್ಷವೇ ತಿಳಿಯಿತು. ೧೯೭೫ರ ಡಿಸೆಂಬರ್ ೨ರಂದು ಅರಸೊತ್ತಿಗೆ ಅಳಿಯಿತು. ೧೯೭೭ರಲ್ಲಿ ರಾಜ, ರಾಣಿ, ಯುವರಾಜ ಮೂವರನ್ನೂ ಈಶಾನ್ಯದ ಬೆಟ್ಟಸೀಮೆಯ ಶಿಬಿರಕ್ಕೆ ಒಯ್ದರು. ಅವರಲ್ಲಿ ಯಾರೂ ಮರಳಿ ಬರಲಿಲ್ಲ. ಅರಮನೆ ವಸ್ತುಸಂಗ್ರಹಾಲಯವಾಯಿತು. ಲಕ್ಷಾಂತರ ಜನ ದೇಶ ಬಿಟ್ಟು ಥಾಯ್ಲೆಂಡ್, ಫ್ರಾನ್ಸ್, ಅಮೆರಿಕಗಳ ಪಾಲಾದರು. ಸೇವೆಯಿಂದ ನಿವೃತ್ತರಾಗಿದ್ದ ಡೇವಿಡ್‌ಸನ್ನರು ಮಡದಿಯೊಡನೆ ಒಂದು ಪ್ರಕಾಶನವನ್ನೇ ಕಟ್ಟಿ, ೧೯೮೧ರಲ್ಲಿ ಫಿಯಾ ಸಿಂಗರ ಬರಹವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಮೂಲದ ಲಾವೋ ಕೈಬರಹವೂ ಅದರಲ್ಲಿ ಅಚ್ಚಾಗಿದೆ. ಪರದೇಶದಲ್ಲಿ ಹುಟ್ಟಿದ ಲಾವೋ ಮಕ್ಕಳು ಇಂದು ಆ ಪುಟಗಳಲ್ಲಿ ತಮ್ಮ ಹಿರಿಯರ ನಾಡಿನ ಕೈರುಚಿಯನ್ನು ಅರಸಬಹುದು.

ಅಡುಗೆಯೇನೋ ಉಳಿಯಿತು, ಮೀನು ಉಳಿಯುವುದೇ ಎಂಬುದು ಈಗಿನ ಪ್ರಶ್ನೆ. ಮೆಕಾಂಗಿನಲ್ಲಿ 'ಪಾ ಬ್ಯೂಕ್' ಎಂಬ ದೈತ್ಯಮೀನೊಂದಿದೆ. ಬೆಳೆದ ಮೇಲೆ ಅದರ ಬಾಯಲ್ಲಿ ಹಲ್ಲಿರುವುದಿಲ್ಲ. ಪಾಚಿಯೇ ಅದರ ಮುಖ್ಯ ಆಹಾರ. ೨೦೦೫ರಲ್ಲಿ ಉತ್ತರ ಥಾಯ್ಲೆಂಡಿನಲ್ಲಿ ಸಿಕ್ಕ ಒಂದರ ತೂಕ ೨೯೩ ಕಿಲೋಗ್ರಾಂ. ಬಲೆ ಬೀಸುವ ಮುನ್ನ ಬೆಸ್ತರು ನದಿಯ ದೇವತೆಗಳಿಗೆ ಪೂಜೆ ಸಲ್ಲಿಸುತ್ತಿದ್ದರು. ೨೦೦೩ರಿಂದ ಈ ಮೀನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಅತಿಯಾಗಿ ಹಿಡಿದದ್ದು ಒಂದು ಕಾರಣ. ಇನ್ನೊಂದು, ಅಣೆಕಟ್ಟು. ಅಲ್ಲಿಯ ಮೀನುಗಳಲ್ಲಿ ಅನೇಕವು ಮೊಟ್ಟೆಯಿಡಲು ನದಿಯಲ್ಲಿ ಬಹುದೂರ ಸಂಚರಿಸುತ್ತವೆ. ಲಾವೋಸಿನೊಳಗೆ ಆ ಮಹಾನದಿಗೆ ಅಡ್ಡಲಾಗಿ ಕಟ್ಟಿದ ಶಾಯಬೂರಿ ಅಣೆಕಟ್ಟು ೨೦೧೯ರಲ್ಲಿ ವಿದ್ಯುತ್ತು ಕೊಡಲಾರಂಭಿಸಿತು. ಅದರ ಬಹುಪಾಲು ಥಾಯ್ಲೆಂಡಿಗೆ ಸಲ್ಲುತ್ತದೆ. ದಕ್ಷಿಣದ ಜಲಪಾತಗಳ ಬಳಿ ಮೀನುಗಳು ಬೇಸಗೆಯಲ್ಲೂ ಹತ್ತಿಹೋಗುತ್ತಿದ್ದ ಕವಲಿನಲ್ಲಿ ೨೦೨೦ರಲ್ಲಿ ಡಾನ್ ಸಹಾಂಗ್ ಸ್ಥಾವರ ಕೆಲಸ ತೊಡಗಿತು. ಮೀನುಗಳಿಗೆಂದು ಬೇರೆ ದಾರಿಗಳನ್ನು ಮಾಡಿಕೊಟ್ಟಿದ್ದಾರೆ. ಅವು ಸಾಕೇ ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲ.

ಬಡ ದೇಶಕ್ಕೆ ಹಣ ಬೇಕು. ಹಣಕ್ಕೆ ವಿದ್ಯುತ್ತು ಮಾರಬೇಕು. ಅದು ನ್ಯಾಯವಾದ ಮಾತೇ. ಆದರೆ ಹೊಳೆಯ ದಡದ ಹಳ್ಳಿಯ ತಾಯಿ ಆ ಹಣವನ್ನು ಕಾಣುವುದಕ್ಕೆ ಮೊದಲು ಕಾಣುವುದು ಬರಿದಾದ ಬಲೆಯನ್ನು. ಫಿಯಾ ಸಿಂಗರ ಅಡುಗೆಗಳನ್ನು ಕಾಪಾಡಲು ಒಂದು ಪ್ರತಿ, ಒಬ್ಬ ಆಸಕ್ತ ಸಾಕಾಯಿತು. ಆಕೆಯ ಜಾಡಿಗೆ ಬೇಕಾದ ಮೀನನ್ನು ಕಾಪಾಡಲು ನದಿ ಹರಿಯುವ ನಾಡುಗಳೆಲ್ಲವೂ ಕೂಡಿ ಮನಸ್ಸು ಮಾಡಬೇಕು.