ಮೂವತ್ತು–ನಲವತ್ತರ ಸೈಟಿಗೆ ಪಾರಿಜಾತವೇ ಸರಿ

ಫೆಬ್ರವರಿ ಹೊತ್ತಿಗೆ ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಟಬೂಬಿಯಾ ಮರಗಳು ಮೈತುಂಬಾ ಗುಲಾಬಿ ಬಣ್ಣ ಹೊದ್ದು ನಿಂತುಬಿಡುತ್ತವೆ. ನೋಡಿದವರಿಗೆ 'ನಮ್ಮನೆ ಮುಂದೂ ಇಂಥದ್ದೊಂದು ಇದ್ದಿದ್ರೆ!' ಅನ್ನಿಸದೇ ಇರದು. ಸೀದಾ ನರ್ಸರಿಗೆ ಹೋಗಿ ಸಸಿ ತಂದು ಕಾಂಪೌಂಡ್ ಪಕ್ಕ ನೆಟ್ಟವರೂ ಇದ್ದಾರೆ. ನೀವೂ ಆ ಯೋಚನೆಯಲ್ಲಿದ್ದರೆ ಒಂದು ನಿಮಿಷ ತಡೀರಿ.

ಲಾಲ್‌ಬಾಗಿನ ಹೊಣೆ ಹೊತ್ತು 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕೃಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಮರ ಹಾಕಿಸಿದವರು. ಅದು ರಸ್ತೆಗೆ, ಪಾರ್ಕಿಗೆ. ನಮ್ಮ ಸೈಟಿನಲ್ಲಿ ಮನೆ, ಕಾರು, ಸಂಪು ಕಳೆದರೆ ಉಳಿಯೋದು ನಾಲ್ಕೈದು ಅಡಿ ಮಣ್ಣು! ಗುಲ್‌ಮೊಹರ್ ಅಂತೂ ಬೇಡವೇ ಬೇಡ. ಅದರ ಬೇರು ಮೇಲ್ಮೇಲೇ ಹರಡುತ್ತೆ, ಕೊಂಬೆ ಮೆದು, ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಮುರಿದು ಬೀಳುತ್ತೆ. ಹತ್ತು ವರ್ಷ ಮಗುವಿನ ಹಾಗೆ ಸಾಕಿ, ಕೊನೆಗೆ ಕಾಂಪೌಂಡ್ ಬಿರುಕು ಬಿಟ್ಟಿತು, ಕರೆಂಟ್ ತಂತಿಗೆ ತಾಗಿತು ಅಂತ ಕಡಿಸುವ ಸಂಕಟ ಯಾರಿಗೆ ಬೇಕು ಹೇಳಿ? ನಮ್ಮದೇ ಜಾಗದಲ್ಲಿದ್ದರೂ ಹೆಚ್ಚಿನ ಮರಗಳನ್ನು ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 1976ರಿಂದಲೇ ಈ ಕಾನೂನಿದೆ.

ಇನ್ನೊಂದು ಮಾತು. ಗಿಡ ಆರಿಸೋದು ಸಾಮಾನ್ಯವಾಗಿ ಭಾನುವಾರ ಬಿಡುವಿದ್ದ ಯಜಮಾನರು. ಗುಂಡಿ ತೋಡುವುದು ಒಂದು ದಿನದ ಉತ್ಸಾಹ. ಉದುರಿದ ಎಲೆ, ಹೂವು ಗುಡಿಸುವುದು, ನೀರು ಹಾಕುವುದು, ಪಕ್ಕದ ಮನೆಯವರ ಗೊಣಗಾಟ ಕೇಳುವುದು ವರ್ಷಪೂರ್ತಿ ನಮ್ಮ ಪಾಲು. ಹಾಗಾಗಿ ಯಾವ ಮರ ಅನ್ನೋದನ್ನ ನಾವೇ ತೀರ್ಮಾನಿಸೋಣ, ಸಂಕೋಚ ಬೇಡ.

ನನ್ನನ್ನು ಕೇಳಿದರೆ ಪಾರಿಜಾತ. ಸವರುತ್ತಾ ಬಂದರೆ ಹತ್ತು–ಹನ್ನೆರಡು ಅಡಿಯಲ್ಲೇ ನಿಲ್ಲುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲ ಶುರುವಾಗುವ ತನಕ ಹೂವೋ ಹೂವು. ಸಂಜೆ ಬಿರಿದು ರಾತ್ರಿಯೆಲ್ಲ ಘಮ್ಮೆಂದು, ಬೆಳಕು ಹರಿಯುವಾಗ ಉದುರುತ್ತದೆ. ಗುಡಿಸೋ ಕೆಲಸ ಇಲ್ಲೂ ತಪ್ಪಿದ್ದಲ್ಲ ಅನ್ನಿ, ಆದರೆ ಇದು ಪೂಜೆಗೆ ಒದಗುವ ಹೂವು. ನೆಲಕ್ಕೆ ಬಿದ್ದ ಹೂ ದೇವರಿಗಾಗದು ಅನ್ನುವ ಮಡಿಯ ಅಜ್ಜಿಯರೂ ಪಾರಿಜಾತಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದಾರಲ್ಲ! ರಾತ್ರಿಯೇ ಕೆಳಗೆ ಒಂದು ಶುಭ್ರವಾದ ಪಂಚೆ ಹಾಸಿಬಿಡಿ, ಬೆಳಿಗ್ಗೆ ಬಾಚಿಕೊಂಡರಾಯಿತು.

ಮಳೆ ಹಿಡಿಯುವ ಜೂನ್–ಜುಲೈನಲ್ಲಿ ನೆಡಿ. ಗೋಡೆಯಿಂದ ಐದಡಿಯಾದರೂ ದೂರವಿರಲಿ, ಸಂಪಿನ ಹತ್ತಿರ ಬೇಡ. ಎರಡಡಿ ಗುಂಡಿ ತೋಡಿ ಮಣ್ಣಿಗೆ ಕೊಳೆತ ಸಗಣಿ ಗೊಬ್ಬರ, ಸ್ವಲ್ಪ ಮರಳು ಬೆರೆಸಿ. ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗಬೇಕು, ಇಲ್ಲದಿದ್ದರೆ ಬರೀ ಎಲೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಪಾತ್ರೆ ತೊಳೆದ ಸೋಪಿನ ನೀರು ಸುರಿಯಬೇಡಿ, ಅಕ್ಕಿ ತೊಳೆದ ನೀರು ಹಾಕಬಹುದು. ಹೂ ಮುಗಿದ ಮೇಲೆ, ಜನವರಿ–ಫೆಬ್ರವರಿಯಲ್ಲಿ, ಉದ್ದ ಹೋದ ರೆಂಬೆಗಳನ್ನು ಸವರಿಸಿ. ಹೂ ಬಿಡುವುದು ಹೊಸ ಚಿಗುರಲ್ಲೇ. ಮಳೆಗಾಲದಲ್ಲಿ ಕಂಬಳಿಹುಳು ಬಂದರೆ ಗಾಬರಿಯಾಗಬೇಡಿ. ಹುಳು ಕೂತ ಎಲೆಯನ್ನೇ ಕತ್ತರಿಸಿ ಸೋಪಿನ ನೀರಿಗೆ ಹಾಕಿ, ಬರಿಗೈಲಿ ಮಾತ್ರ ಮುಟ್ಟಬೇಡಿ.